ಕಣಜ ಕಡಿದರೆ ಸುಣ್ಣ ಹಚ್ಚಿ ಕೂರುವುದೇ ಅಪಾಯ

ಚಿಂಚಲಿ: ಕಬ್ಬು ಕಟಾವಿನ ಹಂಗಾಮು ಬಂತೆಂದರೆ ಕಣಜ ಕಡಿತವೂ ಬಂತು. ಮದ್ದು ಮಾತ್ರ ಅದೇ, 'ಸುಣ್ಣ ಹಚ್ಚ್ರಿ, ಆರಾಮ ಆಗ್ತೈತಿ.' ಬಹಳಷ್ಟು ಜನರಿಗೆ ಬಾವು ಒಂದೆರಡು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ, ಹೆಸರು ಸುಣ್ಣಕ್ಕೆ. ಜೀವಕ್ಕೆ ಕುತ್ತು ಬರುವುದು ಉಳಿದವರಿಗೆ.

ಜೇನು ಮುಳ್ಳು ಬಿಟ್ಟು ಸಾಯುತ್ತದೆ. ಕಣಜ ಹಾಗಲ್ಲ, ಒಂದೇ ಹುಳ ಮತ್ತೆ ಮತ್ತೆ ಕಡಿಯುತ್ತದೆ. ಅಲರ್ಜಿ ಇದ್ದವರಿಗೆ ಒಂದು ಕಡಿತವೇ ಸಾಕು. ಮೈತುಂಬ ದದ್ದು, ನಾಲಿಗೆ ಬಾವು, ಉಸಿರಾಟಕ್ಕೆ ತೊಂದರೆ, ತಲೆಸುತ್ತು ಕಂಡರೆ ತಕ್ಷಣ ಬೇಕಿರುವುದು ಅಡ್ರಿನಲಿನ್ ಇಂಜೆಕ್ಷನ್. 108ಕ್ಕೆ ಕರೆ ಮಾಡಬೇಕು. ಹಿಂಡು ಮುತ್ತಿದರೆ ಅಲರ್ಜಿ ಇಲ್ಲದವರ ಕಿಡ್ನಿಗೂ ಪೆಟ್ಟು ಬೀಳಬಹುದು.

ಹೆಚ್ಚು ಸಿಗಬೀಳುವವರು ಕಟಾವು ಗ್ಯಾಂಗಿನವರು. ರವದಿಯೊಳಗಿನ ಗೂಡು ಕೈ ಹಾಕುವ ತನಕ ಕಾಣುವುದಿಲ್ಲ. ಕಡಿಸಿಕೊಂಡವರನ್ನು ಹೊಲದಿಂದ ರಸ್ತೆಗೆ ತರುವುದರಲ್ಲೇ ಹೊತ್ತು ಹೋಗುತ್ತದೆ. ಹಾಗಾಗಿ ಗ್ಯಾಂಗ್ ಇಳಿಸುವ ಮೊದಲು ಮಾಲಕರು ಬದು ಸುತ್ತಿ ನೋಡಬೇಕು, ಒಂದು ಗಾಡಿ ಹತ್ತಿರದಲ್ಲೇ ಇಡಬೇಕು. ಗೂಡಿಗೆ ಬೆಂಕಿ ಇಟ್ಟರೆ ಹುಳವೂ ಏಳುತ್ತದೆ, ಕಬ್ಬೂ ಸುಡುತ್ತದೆ.

ಮನೆಯ ತಗಡಿನ ಕೆಳಗೆ, ಬಳಸದ ಕೋಣೆಯಲ್ಲಿ ದೊಡ್ಡ ಗೂಡು ಕಂಡರೆ ಹುಡುಗರು ಕಲ್ಲು ಹೊಡೆಯದಂತೆ ತಡೆದು, ತಿಳಿದವರಿಂದಲೇ ತೆಗೆಸಬೇಕು.

ಮುಂದೆ ಭಾರತ ಹುಣ್ಣಿಮೆಗೆ ಮಾಯಕ್ಕಾದೇವಿ ಜಾತ್ರೆ. ಮಹಾರಾಷ್ಟ್ರದಿಂದಲೂ ಬರುವ ಭಕ್ತರು ಗಿಡದ ಕೆಳಗೇ ಒಲೆ ಹೂಡಿದರೆ ಹೊಗೆಗೆ ಹುಳ ಕೆರಳುತ್ತವೆ. ನೀರು, ದೀಪದ ತಯಾರಿ ಜೊತೆ ಗೂಡು ಹುಡುಕಿಸುವ ಕೆಲಸವನ್ನೂ ಪಟ್ಟಣ ಪಂಚಾಯಿತಿ ಈಗಲೇ ಹಚ್ಚಿಕೊಳ್ಳಬೇಕು. ಜನ ಸೇರಿದ ಮ್ಯಾಲೆ ಗೂಡು ತೆಗೆಯೋಕೆ ಆಗೂದಿಲ್ಲ.