ಒಂದು ಸ್ಪೇಸ್ ಮತ್ತು ನಮ್ಮ ಫಾರ್ಮ್ಯಾಟ್ ಚಟ

ಲ್ಯಾಬಿನಲ್ಲಿ ಒಂದು ಕಂಪ್ಯೂಟರ್ ಕೈಕೊಟ್ಟರೆ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ಮೊದಲನೆಯದು, "ಯಾರು ಮಾಡಿದ್ದು?" ಅದಕ್ಕೆ ಯಾರೂ ಬಾಯಿ ಬಿಡುವುದಿಲ್ಲ. ಎರಡನೆಯದು, "ಫಾರ್ಮ್ಯಾಟ್ ಹೊಡೆದುಬಿಡಿ." ಈ ಎರಡೂ ಮಾತುಗಳಿಂದ ನಾವು ಏನೂ ಕಲಿಯುತ್ತಿಲ್ಲ ಎಂದು ನನಗೆ ಅನ್ನಿಸಿದ್ದು ನಾನೇ ಒಂದು ಕಂಪ್ಯೂಟರ್ ಕೆಡಿಸಿದ ಮೇಲೆ.

ಕಮಲಾಪುರದಲ್ಲಿ ನಮ್ಮ ಮಾಮು ಒಂದು ಸಣ್ಣ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಅಲ್ಲಿನ ಹಳೆಯ ಕಂಪ್ಯೂಟರಿಗೆ ಉಬುಂಟು ಲಿನಕ್ಸ್ ಹಾಕಿಕೊಟ್ಟವನು ನಾನೇ. ಒಂದು ಭಾನುವಾರ ಸಂಜೆ ಸ್ಕ್ಯಾನ್ ಮಾಡಿದ ಕಾಗದ 'ಸ್ಕ್ಯಾನ್' ಎಂಬ ಫೋಲ್ಡರಿನಲ್ಲಿ ಸೇವ್ ಆಗಲಿಲ್ಲ. ಅನುಮತಿ ಇಲ್ಲ ಎಂದಿತು. ಯಾವ ಅನುಮತಿ, ಯಾರಿಗೆ ಎಂದು ನೋಡುವ ತಾಳ್ಮೆ ನನಗಿರಲಿಲ್ಲ. ಆ ಫೋಲ್ಡರಿಗೆ ಚ್‌ಮಾಡ್ 777 ಕೊಟ್ಟರೆ ಆಯಿತು ಎಂದು ಸುಡೊ ಸಮೇತ ಟೈಪ್ ಮಾಡಿದೆ. ಒಳಗಿನ ಎಲ್ಲ ಫೈಲಿಗೂ ತಗುಲಲಿ ಎಂದು ದೊಡ್ಡ ಆರ್ ಕೂಡ ಸೇರಿಸಿದೆ. ಆದರೆ ಮೊದಲ ಸ್ಲ್ಯಾಶ್ ಆದ ಮೇಲೆ ಬೆರಳು ಜಾರಿ ಒಂದು ಸ್ಪೇಸ್ ಬಿತ್ತು. ಬರೀ ಸ್ಲ್ಯಾಶ್ ಎಂದರೆ ಇಡೀ ಸಿಸ್ಟಮ್. ನಾನು ಒಂದು ಫೋಲ್ಡರಿನ ಬೀಗ ತೆಗೆಯಲು ಹೋಗಿ ಮನೆಯ ಎಲ್ಲ ಬಾಗಿಲುಗಳನ್ನೂ ತೆರೆದಿದ್ದೆ.

ಲಿನಕ್ಸಿನಲ್ಲಿ ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1. ಮೂರು ಅಂಕಿಗಳು ಕ್ರಮವಾಗಿ ಒಡೆಯ, ಅವನ ಗುಂಪು ಮತ್ತು ಉಳಿದವರಿಗೆ. 644 ಎಂದರೆ ಒಡೆಯ ಬರೆಯಬಹುದು, ಉಳಿದವರು ಓದಬಹುದು, ಅಷ್ಟೆ. 777 ಎಂದರೆ ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದು. ಪಾಸ್‌ವರ್ಡುಗಳನ್ನು ಕಾಯುವ ಶ್ಯಾಡೋ ಫೈಲಿಗೂ ಅದೇ ಗತಿ. ಎಲ್ಲ ಅನುಮತಿ ಕೊಟ್ಟ ಮೇಲೆ ಸಿಸ್ಟಮ್ ಯಾಕೆ ನಿಲ್ಲಬೇಕು ಎಂದು ನೀವು ಕೇಳಬಹುದು. ಸುಡೊದ ನಿಜವಾದ ಅಂಕಿ 4755. ಮುಂದಿನ ಆ 4ಕ್ಕೆ ಸೆಟ್‌ಯುಐಡಿ ಎನ್ನುತ್ತಾರೆ. ಯಾರು ನಡೆಸಿದರೂ ಪ್ರೋಗ್ರಾಮ್ ತನ್ನ ಒಡೆಯನ ಅಧಿಕಾರದಲ್ಲಿ ಓಡುವಂತೆ ಮಾಡುವುದು ಅದರ ಕೆಲಸ. ಬೆಲ್ ಲ್ಯಾಬ್ಸಿನ ಡೆನ್ನಿಸ್ ರಿಚಿ ಅವರಿಗೆ 1979ರಲ್ಲಿ ಈ ಉಪಾಯಕ್ಕೆ ಪೇಟೆಂಟ್ ಸಿಕ್ಕಿತ್ತು. ನನ್ನ 777 ಆ 4ನ್ನು ಅಳಿಸಿಹಾಕಿತು. ಸುಡೊ ಸತ್ತಿತು. ತಪ್ಪು ಸರಿಪಡಿಸಲು ಬೇಕಾದ ಅಧಿಕಾರವೇ ನನ್ನ ಕೈಯಲ್ಲಿ ಉಳಿಯಲಿಲ್ಲ. ರೀಸ್ಟಾರ್ಟ್ ಮಾಡಿದೆ, ಲಾಗಿನ್ ಕೂಡ ಆಗಲಿಲ್ಲ.

ಅದು ವಿದ್ಯಾರ್ಥಿವೇತನದ ಅರ್ಜಿಗಳಿಗೆ ಕೊನೆಯ ವಾರ. ಊರಿನ ಮಕ್ಕಳ ಮಾರ್ಕ್ಸ್ ಕಾರ್ಡು, ಜಾತಿ ಮತ್ತು ಆದಾಯ ಪ್ರಮಾಣಪತ್ರ, ರೈತರ ಪಹಣಿ ಎಲ್ಲ ಅದರೊಳಗೇ ಇತ್ತು. ಮಾಮು ಕೇಳಿದಾಗ ನಾನು ಹೇಳಿದ್ದು ಸುಳ್ಳು: "ಕರೆಂಟ್ ಹೋಗಿ ಬಂತಲ್ಲ ಮಾಮು, ಅದಕ್ಕ ಕೆಟ್ಟದ." ಅವರು ನಂಬಿದರು. ರಿಪೇರಿಯವನಿಗೆ ಫೋನ್ ಮಾಡಿದರು. ಅವನು ಆ ಕಡೆಯಿಂದಲೇ ಹೇಳಿದ, "ತಂದು ಕೊಡ್ರಿ, ಫಾರ್ಮ್ಯಾಟ್ ಹೊಡಿತೀನಿ." ಆಗ ನನ್ನ ಎದೆ ಧಸಕ್ ಎಂದಿತು. ಫೈಲುಗಳು ಹಾಳಾಗಿಲ್ಲ, ಅನುಮತಿ ಮಾತ್ರ ಕೆಟ್ಟಿದೆ ಎಂದು ಗೊತ್ತಿದ್ದವನು ನಾನೊಬ್ಬನೇ. ನನ್ನ ಸುಳ್ಳಿಗೆ ಊರಿನವರ ಕಾಗದಗಳೆಲ್ಲ ಅಳಿಸಿಹೋಗುತ್ತಿದ್ದವು. ಖರೆ ಹೇಳಿದೆ. ಮಾಮು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲೇ ಹೇಳಬೇಕಿತ್ತಲ್ಲ ಬೇಟಾ. ಈಗ ಹ್ಯಾಂಗ ಸರಿ ಮಾಡ್ತಿ ಅದನ್ನ ಹೇಳು" ಎಂದರು.

ಸೋಮವಾರ ಬೆಳಗಿನ ಬಸ್ಸಿಗೆ ಕಲಬುರಗಿಗೆ ಬಂದು ಲ್ಯಾಬ್ ಸರ್ ಮುಂದೆ ನಿಂತೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಎರಡು ಪೆನ್‌ಡ್ರೈವ್ ತೆಗೆದರು. ಒಂದರಲ್ಲಿ ಲೈವ್ ಉಬುಂಟು. ಇನ್ನೊಂದರಲ್ಲಿ, ಲ್ಯಾಬಿನಲ್ಲಿದ್ದ ಅದೇ ಆವೃತ್ತಿಯ ಕಂಪ್ಯೂಟರಿನಿಂದ ಗೆಟ್‌ಎಫ್ಎಸಿಎಲ್ ಎಂಬ ಆದೇಶದಿಂದ ತೆಗೆದ ಅನುಮತಿಗಳ ಪಟ್ಟಿ: ಯಾವ ಫೈಲಿಗೆ ಯಾರು ಒಡೆಯರು, ಯಾವ ಅಂಕಿ ಎಂದು.

ಸಂಜೆ ಕಮಲಾಪುರಕ್ಕೆ ಹೋಗಿ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿದೆ. ಮೊದಲ ಕೆಲಸ, ಕಾಗದಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿದ್ದು. ಆಮೇಲೆ ಕೆಟ್ಟ ಡಿಸ್ಕನ್ನು ಮೌಂಟ್ ಮಾಡಿ, ಚ್‌ರೂಟ್ ಮೂಲಕ ಒಳಹೊಕ್ಕು, ಸೆಟ್‌ಎಫ್ಎಸಿಎಲ್‌ನ ರಿಸ್ಟೋರ್ ಆಯ್ಕೆಯಿಂದ ಆ ಪಟ್ಟಿಯನ್ನು ಹಚ್ಚಿದೆ. ಸುಡೊಗೆ 4755 ಮರಳಿ ಬಂದಿದೆಯೇ ಎಂದು ಕಣ್ಣಾರೆ ನೋಡಿದೆ. ಲ್ಯಾಬಿನಲ್ಲಿ ಇಲ್ಲದ ಕೆಲವು ಪ್ಯಾಕೇಜುಗಳನ್ನು ಮತ್ತೆ ಇನ್‌ಸ್ಟಾಲ್ ಮಾಡಬೇಕಾಯಿತು. ರಾತ್ರಿ ಹನ್ನೊಂದಕ್ಕೆ ಲಾಗಿನ್ ಆಯಿತು. ಮಂಗಳವಾರ ಅಂಗಡಿ ತೆರೆಯಿತು.

ಫಾರ್ಮ್ಯಾಟ್ ಮಾಡಲೇಬಾರದು ಎಂದು ನಾನು ಹೇಳುತ್ತಿಲ್ಲ. ಎಲ್ಲ ಬಾಗಿಲು ತೆರೆದುಕೊಂಡಿದ್ದ ಯಂತ್ರದಲ್ಲಿ ಏನೇನು ಉಳಿದಿದೆಯೋ ಎಂಬ ಸಂಶಯಕ್ಕೆ ಮುಂದಿನ ರಜೆಯಲ್ಲಿ ನಾನೇ ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ಆದರೆ ಅದು ಕೊನೆಯ ಹೆಜ್ಜೆ. ಮೊದಲನೆಯದು, ಆದದ್ದನ್ನು ಆದಂತೆ ಹೇಳುವುದು. ಎರಡನೆಯದು, ಡೇಟಾ ಉಳಿಸುವುದು. ಮೂರನೆಯದು, ಏನು ಕೆಟ್ಟಿದೆ ಎಂದು ತಿಳಿಯುವುದು. ಮೊದಲನೆಯದನ್ನು ಬಿಟ್ಟರೆ ಉಳಿದೆರಡಕ್ಕೂ ದಾರಿ ಸಿಗುವುದಿಲ್ಲ.

ಆದ್ದರಿಂದ ನಮ್ಮ ಉಪನ್ಯಾಸಕರಲ್ಲಿ ಎರಡು ಕೋರಿಕೆ. ವರ್ಷಕ್ಕೆ ಒಂದು ಪ್ರಾಕ್ಟಿಕಲ್ ಅವಧಿಯಲ್ಲಿ ವರ್ಚುವಲ್ ಮಷೀನನ್ನು ನಮ್ಮ ಕೈಯಿಂದಲೇ ಕೆಡಿಸಿ, ನಮ್ಮ ಕೈಯಿಂದಲೇ ಸರಿ ಮಾಡಿಸಿ. ಮತ್ತು ಲ್ಯಾಬಿನಲ್ಲಿ ಒಂದು ನೋಟ್‌ಬುಕ್ ಇಡಿ: ಏನು ಟೈಪ್ ಮಾಡಿದೆವು, ಏನಾಯಿತು, ಹೇಗೆ ಸರಿಹೋಯಿತು ಎಂದು ಬರೆಯಲಿಕ್ಕೆ. ಬರೆದವರಿಗೆ ದಂಡವೂ ಬೇಡ, ನಗೆಯೂ ಬೇಡ. ಮೊದಲ ಪುಟಕ್ಕೆ ನನ್ನ ಸ್ಪೇಸ್ ಸಿದ್ಧವಿದೆ.