ಎಣ್ಣೆನೀರಿನ ದಿನ ಬರುವ ಮೂರ್ಛೆ

ನಮ್ಮ ನೆರೆಮನೆಯವರಿಗೆ ಶನಿವಾರದ ಎಣ್ಣೆನೀರೆಂದರೆ ಎದೆ ನಡುಗುತ್ತಿದ್ದಿತು. ತಲೆಯ ಮೇಲೆ ನಾಲ್ಕಾರು ಚೊಂಬು ಬಿಸಿನೀರು ಬಿದ್ದೊಡನೆ ಅವರ ಹತ್ತು ವರ್ಷದ ಬಾಲಕನ ಕಣ್ಣು ನೆಟ್ಟು ನಿಲ್ಲುವುದು. ಒಮ್ಮೊಮ್ಮೆ ಕೈಕಾಲು ಸೆಟೆದು ಬಚ್ಚಲಲ್ಲಿಯೇ ಬೀಳುವನು. ಅಜ್ಜಿ ಗಾಳಿಸೋಂಕೆಂದು ತಾಯಿತ ಕಟ್ಟಿಸಿದರು. ಒಂದು ಸಲ ನಾವೇ ಓಡಿಹೋಗಿ ಅವನ ಮುಷ್ಟಿಯಲ್ಲಿ ಬೀಗದ ಕೈಯನ್ನು ತುರುಕಿದೆವು. ಮೂವತ್ತೈದು ವರ್ಷ ಪಾಠ ಹೇಳಿದವರಿಗೆ ಇದು ಭೂಷಣವಲ್ಲ.

ಅಪಸ್ಮಾರವೆಂಬ ಶಬ್ದದಲ್ಲಿ ಭೂತವೂ ಇಲ್ಲ, ಪ್ರೇತವೂ ಇಲ್ಲ. ಸ್ಮಾರವೆಂದರೆ ಸ್ಮೃತಿ, ಅದು ತೊಲಗುವುದೇ ಅಪಸ್ಮಾರ. ಚರಕಸಂಹಿತೆಯ ನಿದಾನಸ್ಥಾನದಲ್ಲಿ ಇದಕ್ಕೊಂದು ಅಧ್ಯಾಯವೇ ಉಂಟು. ಮಿದುಳಿನಲ್ಲಿ ಸಂಚರಿಸುವ ವಿದ್ಯುತ್ತು ಕ್ಷಣಕಾಲ ಕ್ರಮತಪ್ಪುವುದೇ ಇದಕ್ಕೆ ಕಾರಣವೆಂದು ಇಂದಿನ ವೈದ್ಯರು ಹೇಳುತ್ತಾರೆ. ಒಬ್ಬರಿಂದೊಬ್ಬರಿಗೆ ಅಂಟುವ ರೋಗವಿದಲ್ಲ.

ಬಿಸಿನೀರಿನ ಮೂರ್ಛೆಯಂತೂ ದಕ್ಷಿಣ ಕರ್ನಾಟಕದಲ್ಲಿ ವಿಶೇಷವಾಗಿ ಕಾಣತಕ್ಕದ್ದು. ಬೆಂಗಳೂರಿನ ವೈದ್ಯ ಕೆ. ಎಸ್. ಮಣಿಯವರೂ ಅವರ ಸಂಗಡಿಗರೂ 1968ರಲ್ಲಿಯೇ ಇದನ್ನು ಕುರಿತು ಬರೆದರು. ಅನಂತರ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಬಹಳ ವ್ಯಾಸಂಗ ನಡೆಯಿತು. ಸುಡುನೀರನ್ನು ತಲೆಯ ಮೇಲೆ ಒಂದೇಸಮನೆ ಸುರಿಯುವ ನಮ್ಮ ಪದ್ಧತಿಯೇ ಇದನ್ನು ಕೆರಳಿಸುವುದು. ನೀರನ್ನು ಉಗುರುಬೆಚ್ಚಗೆ ಮಾಡಿದರೆ ಅನೇಕರಿಗೆ ಗುಣ ಕಾಣುವುದು. ಕೆಲವರಿಗೆ ಸ್ನಾನಕ್ಕೆ ಮುಂಚೆ ಗುಳಿಗೆ ಬೇಕಾಗುವುದು. ಮತ್ತೆ ಕೆಲವರಿಗೆ ಮುಂದೆ ನೀರಿನ ಸೋಂಕಿಲ್ಲದೆಯೂ ಮೂರ್ಛೆ ಬರುವುದುಂಟಾದುದರಿಂದ ವೈದ್ಯರಿಗೆ ತೋರಿಸದೆ ಮನೆಯಲ್ಲಿಯೇ ತೀರ್ಮಾನಿಸುವುದು ಯುಕ್ತವಲ್ಲ.

ಆದರೆ ಹುಡುಗನ ತಾಯಿ ಒಪ್ಪಬೇಕಲ್ಲ! “ಮೇಷ್ಟರೇ, ಆಸ್ಪತ್ರೆಗೆ ಹೋದರೆ ಊರಿಗೆಲ್ಲ ತಿಳಿದೀತು. ನಾಳೆ ಇವನಿಗೆ ಹೆಣ್ಣು ಕೊಡುವವರು ಯಾರು?” ಎಂದರು. ಹಿಂದೂ ವಿವಾಹದ ಕಾಯಿದೆಯಲ್ಲಿದ್ದ ಅಪಸ್ಮಾರದ ಅಡ್ಡಿಯನ್ನು ಸರ್ಕಾರವೇ 1999ರಲ್ಲಿ ತೆಗೆದುಹಾಕಿತೆಂದು ನಾವು ಹೇಳಿದೆವು. ಕಾಯಿದೆ ಬಿಟ್ಟರೂ ನೆಂಟರು ಬಿಡರೆಂಬುದು ಆಕೆಯ ಉತ್ತರ. ಅದಕ್ಕೆ ನಮ್ಮಲ್ಲಿ ಮಾತಿರಲಿಲ್ಲ. ಆದರೂ ಎರಡು ವಾರವಾದ ಮೇಲೆ ತಾವಾಗಿಯೇ ಜಿಲ್ಲಾಸ್ಪತ್ರೆಗೆ ಹೊರಟರು. ಮೂರ್ಛೆಯನ್ನು ಕಣ್ಣಾರೆ ಕಂಡವರು ಜೊತೆಗಿದ್ದರೆ ವೈದ್ಯರಿಗೆ ಅನುಕೂಲವೆಂದು ನಾವೂ ಹೋದೆವು. ಅವರು ಎಲ್ಲವನ್ನೂ ಕೇಳಿ, ಪರೀಕ್ಷೆಗಾಗಿ ನಿಮ್ಹಾನ್ಸಿಗೆ ಕಾಗದ ಕೊಟ್ಟರು.

ಬೀಗದ ಕೈಯ ವಿಷಯ ಕೇಳಿ ನಕ್ಕ ಆ ವೈದ್ಯರು ಹೇಳಿದುದಿಷ್ಟು: ಬಿದ್ದವರನ್ನು ಮಗ್ಗುಲಿಗೆ ಹೊರಳಿಸಿರಿ, ತಲೆಯ ಕೆಳಗೆ ಮೆತ್ತನೆಯದೇನನ್ನಾದರೂ ಇಡಿರಿ, ಬಾಯಿಗೆ ನೀರನ್ನಾಗಲಿ ಚಮಚವನ್ನಾಗಲಿ ಹಾಕಬೇಡಿರಿ, ಸೆಳೆತವನ್ನು ಅದುಮಿ ಹಿಡಿಯಬೇಡಿರಿ, ಗಡಿಯಾರ ನೋಡಿರಿ. ಐದು ನಿಮಿಷ ದಾಟಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಕೊಟ್ಟ ಔಷಧವನ್ನು ತಾವಾಗಿ ನಿಲ್ಲಿಸಕೂಡದು.

ಹುಡುಗನಿಗೆ ಈಗಲೂ ಶನಿವಾರ ಎಣ್ಣೆನೀರುಂಟು. ಬೆಚ್ಚನೆಯ ನೀರನ್ನು ಮೊದಲು ಮೈಗೆ, ಆಮೇಲೆ ತಲೆಗೆ ಸ್ವಲ್ಪಸ್ವಲ್ಪವಾಗಿ ಹಾಕುತ್ತಾರೆ. ಬಚ್ಚಲ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ತಾಯಿತವಂತೂ ಅವನ ತೋಳಿನಲ್ಲಿಯೇ ಇದೆ. ಅಜ್ಜಿಯೊಡನೆ ನಾವು ವಾದಕ್ಕೆ ಹೋಗಲಿಲ್ಲ.