ಇಂಡಿಯ ಇರುಳು, ಕಾವಲೂರಿನ ಕಾವಲು

ಇಂಡಿಯಲ್ಲಿ ಉಪವಿಭಾಗಾಧಿಕಾರಿಯಾಗಿದ್ದಾಗ, ಸಿಂದಗಿಯಲ್ಲಿ ಬರ ಪರಿಶೀಲನೆ ಮುಗಿಸಿ ರಾತ್ರಿ ಮರಳುವಾಗ ಜೀಪು ನಿಲ್ಲಿಸಿ ಆಕಾಶ ನೋಡುತ್ತಿದ್ದೆ. ಮಳೆ ಕೊಡದ ಆ ನಿರಭ್ರ ಆಕಾಶವೇ ಖಗೋಳವಿಜ್ಞಾನಿಯ ಬಂಡವಾಳವೆಂಬುದು ಆಗ ಹೊಳೆದಿರಲಿಲ್ಲ.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್ ದೀರ್ಘಕಾಲ ಅಧ್ಯಯನ ಮಾಡಿದ್ದು ಒಂದು ವಿಚಿತ್ರ ತಾರಾವರ್ಗವನ್ನು. ಅವುಗಳಲ್ಲಿ ಜಲಜನಕ ಅತ್ಯಲ್ಪ, ಇಂಗಾಲ ಯಥೇಚ್ಛ. ತಾವೇ ಉಗುಳಿದ ಮಸಿಯ ಮರೆಯಲ್ಲಿ ದಿಢೀರನೆ ಮಂಕಾಗಿ, ತಿಂಗಳುಗಳ ನಂತರ ಮತ್ತೆ ಬೆಳಗುತ್ತವೆ. ಅದೇ ಸಂಸ್ಥೆಯ ಆರ್. ರಾಜಮೋಹನ್ 1988ರ ಫೆಬ್ರುವರಿಯಲ್ಲಿ ತಮಿಳುನಾಡಿನ ಕಾವಲೂರಿನಿಂದ ಕ್ಷುದ್ರಗ್ರಹವೊಂದನ್ನು ಪತ್ತೆಹಚ್ಚಿದರು. 4130ನೆಯ ಸಂಖ್ಯೆಯ ಅದಕ್ಕೆ ರಾಮಾನುಜನ್ ಹೆಸರಿದೆ. ಮಂಗಳ, ಗುರುಗಳ ನಡುವೆ ಸುತ್ತುವ ಅದರಿಂದ ಭೂಮಿಗೆ ಅಪಾಯವಿಲ್ಲ. ಆದರೆ ಅಪಾಯಕಾರಿಯನ್ನು ಗುರುತಿಸುವ ಕೆಲಸವೂ ಇದೇ ಬಗೆಯದು: ಸ್ಥಿರ ತಾರೆಗಳ ನಡುವೆ ಸರಿದ ಚುಕ್ಕೆಯನ್ನು ಹುಡುಕುವುದು.

ಇದರಿಂದ ಲಾಭವೇನೆಂದು ಸರ್ಕಾರದ ಕಡತಗಳು ಕೇಳುತ್ತವೆ. ಅಂಥ ಟಿಪ್ಪಣಿಗಳನ್ನು ನಾನೂ ಬರೆದವನೇ. 2024ರ ಡಿಸೆಂಬರಿನಲ್ಲಿ ಕಂಡ '2024 ವೈಆರ್4' ಎಂಬ ಕಾಯವು 2032ರಲ್ಲಿ ಭೂಮಿಗೆ ಅಪ್ಪಳಿಸುವ ಸಂಭವ ಮರು ಫೆಬ್ರುವರಿಯಲ್ಲಿ ಶೇ 3ನ್ನು ದಾಟಿತ್ತು. ಆ ಆತಂಕವನ್ನು ಕೆಲವೇ ವಾರಗಳಲ್ಲಿ ನಿವಾರಿಸಿದ್ದು ನಿರಂತರ ವೀಕ್ಷಣೆ. ವಿಮಾ ಕಂತಿಗೆ ಲಾಭಾಂಶ ಕೇಳುವುದು ಅರ್ಥಶಾಸ್ತ್ರವಲ್ಲ.

ಕಾವಲೂರಿನ ಕೆಲಸಕ್ಕೆ ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮಕ್ಕಳೂ ಬರಬೇಕು. ಈ ನಾಲ್ಕೂ ತಾಲ್ಲೂಕುಗಳ ಪದವಿ ಕಾಲೇಜುಗಳಿಗೆ ಒಂದೊಂದು ಸಾಧಾರಣ ದೂರದರ್ಶಕ ಒದಗಿಸುವುದು, ಹೈಮಾಸ್ಟ್ ದೀಪಗಳ ಬೆಳಕು ನೆಲದತ್ತಲೇ ಬೀಳುವಂತೆ ಮುಚ್ಚಳ ಹಾಕಿಸುವುದು ಸರ್ಕಾರಕ್ಕೆ ಹೊರೆಯೇನಲ್ಲ.